ಯಂತ್ರದೊಳಗೊಂದು ಯಂತ್ರ: ಗುಜರಿಗೆ ಹಾಕುವ ಮುನ್ನ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಇಲ್ಲಿಯ ಪ್ರೌಢಶಾಲೆಗಳಿಗೆ ಗಣಕಯಂತ್ರವು ಇಂದು ಹೊಸ ಅತಿಥಿಯಲ್ಲ. ಈ ಶತಮಾನದ ಆರಂಭದಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ‘ಮಾಹಿತಿ ಸಿಂಧು’ ಯೋಜನೆ, 2004ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಐ.ಸಿ.ಟಿ. ಯೋಜನೆ, ದಾನಿಗಳ ಔದಾರ್ಯ, ಬೆಂಗಳೂರು ಸೇರಿ ನೆಲೆನಿಂತ ಹಳೆಯ ವಿದ್ಯಾರ್ಥಿಗಳ ಅಭಿಮಾನ, ಇವೆಲ್ಲವುಗಳ ಫಲವಾಗಿ ನಾಡಿನ ಶಾಲೆಗಳಿಗೆ ಯಂತ್ರಗಳು ಕಂತುಕಂತಾಗಿ ಬಂದವು. ಬಂದಂತೆಯೇ ಹಳತೂ ಆದವು. 2025ರ ಅಕ್ಟೋಬರ್ 14ರಂದು ವಿಂಡೋಸ್ 10 ಎಂಬ ಕಾರ್ಯವ್ಯವಸ್ಥೆಗೆ ಅದರ ತಯಾರಕರ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಅದರ ಮುಂದಿನ ಆವೃತ್ತಿಯನ್ನು ಹಳೆಯ ಯಂತ್ರಗಳಲ್ಲಿ ಅನೇಕವು ಸ್ವೀಕರಿಸಲಾರವು. ಆದುದರಿಂದ ಇನ್ನೂ ಕೆಲಸ ಮಾಡುತ್ತಿರುವ ಯಂತ್ರಗಳು ಸಹ ‘ನಿರುಪಯುಕ್ತ’ ಎಂಬ ಪಟ್ಟಿಗೆ ಸೇರುವ ಕಾಲ ಒದಗಿದೆ. ಗುಜರಿಯವನ ತಕ್ಕಡಿ ಬಾಗಿಲಿಗೆ ಬಂದಿರುವ ಈ ಹೊತ್ತಿನಲ್ಲಿ ಶಾಲೆಗಳ ಆಡಳಿತವರ್ಗದವರೂ, ಉಪಾಧ್ಯಾಯರೂ, ಹೊಸ ಯಂತ್ರಗಳನ್ನು ಕೊಡಿಸಲು ಮುಂದೆ ಬರುವ ದಾನಿಗಳೂ ಆಲೋಚಿಸಬೇಕಾದ ಸಂಗತಿಯೊಂದುಂಟು.

ತಗಡು, ಪ್ಲಾಸ್ಟಿಕ್ಕು, ತಂತಿಗಳು ತೂಕಕ್ಕೆ ಹೋಗಬಹುದು. ಅವುಗಳ ಒಳಗಿರುವ ಬರಹದ ಗತಿಯೇನು? ದಾಖಲಾತಿಯ ಪಟ್ಟಿಗಳು, ಪರೀಕ್ಷೆಯ ಅಂಕಗಳು, ಉಪಾಧ್ಯಾಯರು ಹತ್ತಾರು ವರ್ಷ ಶ್ರಮಿಸಿ ಸಿದ್ಧಪಡಿಸಿದ ಪ್ರಶ್ನಪತ್ರಿಕೆಗಳು, ವಾರ್ಷಿಕ ವರದಿಗಳು, ಸ್ಮರಣ ಸಂಚಿಕೆಗಳ ಮೂಲ ಪಾಠ, ಹಳೆಯ ವಿದ್ಯಾರ್ಥಿಗಳ ಹೆಸರು ಊರುಗಳ ಯಾದಿ, ಇವೆಲ್ಲ ಅಲ್ಲಿವೆ. ಕೆಲವು ನುಡಿಯಲ್ಲಿ, ಕೆಲವು ಬರಹದಲ್ಲಿ, ಅಚ್ಚುಕೂಟದಿಂದ ಮರಳಿ ಬಂದ ಕೆಲವು ಶ್ರೀಲಿಪಿಯ ಅಕ್ಷರಗಳಲ್ಲಿ ಪೇಜ್‌ಮೇಕರಿನ ಪುಟಗಳಾಗಿ ಇವೆ. ‘ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಹಾಕಿಕೊಂಡರಾಯಿತು’ ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಮಾಧಾನ. ಕಡತವು ಪೆನ್‌ಡ್ರೈವಿಗೆ ಬರುತ್ತದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಹೊಸ ಯಂತ್ರದ ಮುಂದೆ ಕುಳಿತು ಅದನ್ನು ತೆರೆಯಹೊರಟಾಗ ಅದನ್ನು ಬರೆದ ತಂತ್ರಾಂಶವೇ ಅಲ್ಲಿ ನಡೆಯುವುದಿಲ್ಲವೆಂಬ ಸತ್ಯವು ಗೋಚರವಾಗುತ್ತದೆ. ಓಲೆಗರಿಯ ಕಟ್ಟನ್ನು ಬಿಚ್ಚಿ ಸೊಡರಿನ ಬೆಳಕಿಗೆ ಹಿಡಿದರೆ ಲಿಪಿ ಬಲ್ಲವನು ಓದಿಯಾನು. ಗಣಕದ ಕಡತವಾದರೋ ಅದಕ್ಕೆ ತಕ್ಕ ಯಂತ್ರವಿಲ್ಲದೆ ಯಾವ ಪಂಡಿತನ ಕಣ್ಣಿಗೂ ಕಾಣುವುದಿಲ್ಲ.

ಹೀಗೇಕೆ ಆಗುತ್ತದೆಂಬುದನ್ನು ತುಸು ವಿವರವಾಗಿ ತಿಳಿಯುವುದು ಅವಶ್ಯ. ಗಣಕಯಂತ್ರದ ಹೃದಯಸ್ಥಾನದಲ್ಲಿರುವ ಪ್ರೊಸೆಸರು ಅಥವಾ ಸಂಸ್ಕಾರಕವು ತನ್ನದೇ ಆದ ಒಂದು ಯಂತ್ರಭಾಷೆಯನ್ನು ಮಾತ್ರ ಅರಿಯುತ್ತದೆ. ಶಾಲೆಗಳ ಮೇಜಿನ ಮೇಲೆ ಇಷ್ಟು ಕಾಲ ಕುಳಿತಿದ್ದ ಯಂತ್ರಗಳು ಇಂಟೆಲ್ ಸಂಸ್ಥೆಯು 1978ರಲ್ಲಿ ಹೊರತಂದ 8086 ಎಂಬ ಸಂಸ್ಕಾರಕದ ಸಂತತಿಗೆ ಸೇರಿದವು. ಜೇಬಿನ ಮೊಬೈಲುಗಳು, ಟ್ಯಾಬ್ಲೆಟ್ಟುಗಳು, 2020ರಿಂದೀಚೆಗೆ ಬಂದ ಆಪಲ್ ಗಣಕಗಳು, ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಗಣಕಗಳು, ವಿಂಡೋಸ್ ನಡೆಸುವ ಹೊಸ ಮಡಿಲಗಣಕಗಳಲ್ಲಿಯೂ ಕೆಲವು, ಇವು ಆರ್ಮ್ ಎಂಬ ಬೇರೊಂದು ಸಂತತಿಯವು. ಒಂದು ಸಂತತಿಗಾಗಿ ಸಿದ್ಧವಾದ ಕ್ರಮವಿಧಿಯು ಮತ್ತೊಂದಕ್ಕೆ ಅರ್ಥವಾಗದ ಶಬ್ದಸಮೂಹ. ದಾನಿಗಳೊಬ್ಬರು ಸದುದ್ದೇಶದಿಂದ ಇಪ್ಪತ್ತು ಹೊಸ ಯಂತ್ರಗಳನ್ನು ಕೊಡಿಸಿದರೂ ಅವು ಆರ್ಮ್ ಕುಲದವಾದರೆ ಹಳೆಯ ತಂತ್ರಾಂಶವು ಅವುಗಳ ಮೇಲೆ ನೇರವಾಗಿ ನಡೆಯಲಾರದು.

ಪಾವಗಡ ತಾಲ್ಲೂಕಿನವರಿಗೆ ಈ ಸಮಸ್ಯೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಭೂಪಟದಲ್ಲಿ ಬಹುಪಾಲು ಆಂಧ್ರಪ್ರದೇಶದಿಂದ ಆವೃತವಾದ ಆ ಸೀಮೆಯಲ್ಲಿ ಕನ್ನಡ ತೆಲುಗುಗಳೆರಡೂ ಮನೆಮಾತು. ಕನ್ನಡ ಮಾತ್ರ ಬಲ್ಲ ಸಾಹುಕಾರನೊಬ್ಬನು ತೆಲುಗು ಮಾತ್ರ ಬಲ್ಲ ರೈತನಿಂದ ಕಡಲೆಕಾಯಿ ಕೊಳ್ಳಬೇಕಾದಾಗ ನಡುವೆ ಎರಡೂ ಬಲ್ಲವನೊಬ್ಬನು ನಿಲ್ಲುತ್ತಾನೆ. ಆ ದುಭಾಷಿಯು ಮೂರು ಬಗೆಯಲ್ಲಿ ಕೆಲಸ ಮಾಡಬಹುದು. ರೈತನ ಒಂದೊಂದು ಮಾತನ್ನೂ ಕೇಳಿ, ಕೇಳಿದೊಡನೆ ಕನ್ನಡದಲ್ಲಿ ಹೇಳಿ, ಅದೇ ಮಾತು ಹತ್ತನೆಯ ಬಾರಿ ಬಂದರೂ ಮತ್ತೆ ಹೊಸದೆಂಬಂತೆ ಅನುವಾದಿಸುವುದು ಮೊದಲನೆಯ ಬಗೆ. ಪದೇ ಪದೇ ಬರುವ ಮಾತುಗಳ ಅನುವಾದವನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡು ಮುಂದಿನ ಸಲ ಚೀಟಿಯನ್ನೇ ನೋಡಿ ಹೇಳುವುದು ಎರಡನೆಯದು. ರೈತನ ಲೆಕ್ಕದ ಪುಸ್ತಕವನ್ನು ಹಿಂದಿನ ರಾತ್ರಿಯೇ ಪೂರ್ತಿ ಕನ್ನಡಿಸಿಟ್ಟು ಬೆಳಿಗ್ಗೆ ಸಾಹುಕಾರನ ಕೈಗಿಡುವುದು ಮೂರನೆಯದು. ಒಂದು ಸಂಸ್ಕಾರಕದ ಮೇಲೆ ಮತ್ತೊಂದು ಸಂಸ್ಕಾರಕದ ಕ್ರಮವಿಧಿಯನ್ನು ನಡೆಸುವ ತಂತ್ರಾಂಶಗಳು ಅನುಸರಿಸುವುದೂ ಈ ಮೂರು ಮಾರ್ಗಗಳನ್ನೇ. ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ 2003ರಲ್ಲಿ ಹೊರತಂದ ಕ್ಯೂಇಎಂಯು ಎಂಬ ಪ್ರಸಿದ್ಧ ತಂತ್ರಾಂಶವು ಮುಖ್ಯವಾಗಿ ಎರಡನೆಯ ಮಾರ್ಗವನ್ನು ಹಿಡಿಯಿತು. ಆಪಲ್ ಸಂಸ್ಥೆಯ ರೊಸೆಟ್ಟಾ 2 ಎಂಬುದು ಸಾಧ್ಯವಿದ್ದಷ್ಟನ್ನು ಮೂರನೆಯ ಮಾರ್ಗದಲ್ಲಿ ಮೊದಲೇ ಅನುವಾದಿಸಿಟ್ಟು, ಉಳಿದದ್ದನ್ನು ನಡೆಯುತ್ತ ನಡೆಯುತ್ತ ಅನುವಾದಿಸಿಕೊಳ್ಳುತ್ತದೆ.

ಈ ವಿದ್ಯೆಗೆ ಎಮ್ಯುಲೇಶನ್ ಎಂದು ಹೆಸರು, ಯಂತ್ರಾನುಕರಣವೆಂದು ಕನ್ನಡಿಸಬಹುದು. ಇದರೊಡನೆ ‘ವರ್ಚುಯಲ್ ಮೆಷೀನ್’ ಎಂಬ ಮಾತನ್ನು ಬೆರೆಸಿ ಗೊಂದಲಕ್ಕೊಳಗಾಗುವವರು ಬಹಳ ಮಂದಿ. ಒಂದು ಯಂತ್ರದೊಳಗೆ ತಂತ್ರಾಂಶದಿಂದಲೇ ನಿರ್ಮಿತವಾದ ಕಲ್ಪಿತ ಯಂತ್ರವೇ ವರ್ಚುಯಲ್ ಮೆಷೀನ್. ಹೊರಗಿನ ಯಂತ್ರವೂ ಒಳಗಿನ ಯಂತ್ರವೂ ಒಂದೇ ಕುಲದವಾದರೆ ದುಭಾಷಿಯ ಅವಶ್ಯಕತೆಯಿಲ್ಲ; ಒಂದೇ ಸೂರಿನಡಿಯಲ್ಲಿ ಎರಡು ಅಂಗಡಿಗಳಿದ್ದಂತೆ, ವೇಗದಲ್ಲಿ ಹೆಚ್ಚಿನ ನಷ್ಟವೂ ಇಲ್ಲ. ಕುಲಗಳು ಬೇರೆಯಾದಾಗ ಮಾತ್ರ ಪ್ರತಿಯೊಂದು ಆಜ್ಞೆಯೂ ಅನುವಾದಗೊಳ್ಳಬೇಕು. ಹಳೆಯ ಮೇಜುಗಣಕದಲ್ಲಿ ವರ್ಚುಯಲ್ ಮೆಷೀನ್ ಸೊಗಸಾಗಿ ನಡೆಯಿತೆಂಬ ಅನುಭವದಿಂದ ಆರ್ಮ್ ಯಂತ್ರದಲ್ಲಿಯೂ ಹಾಗೆಯೇ ನಡೆಯುವುದೆಂದು ನಂಬಿ ಖರೀದಿಗೆ ತೊಡಗುವ ಶಾಲೆಗೆ ನಿರಾಶೆ ಕಟ್ಟಿಟ್ಟ ಬುತ್ತಿ.

ಅನುವಾದವೆಂದರೆ ಪದಕ್ಕೆ ಪದ ಇಡುವ ಸುಲಭ ಕಾರ್ಯವೂ ಅಲ್ಲ. ‘ಸ್ಮೃತಿಯ ಇಂಥ ಮನೆಯಲ್ಲಿರುವ ಸಂಖ್ಯೆಗೆ ಇದನ್ನು ಕೂಡಿಸು’ ಎಂಬುದು ಇಂಟೆಲ್ ಕುಲದಲ್ಲಿ ಒಂದೇ ಆಜ್ಞೆ. ಆರ್ಮ್ ಕುಲದಲ್ಲಿ ಅದು ಸಾಮಾನ್ಯವಾಗಿ ಮೂರಾಗುತ್ತದೆ: ಆ ಮನೆಯಿಂದ ಸಂಖ್ಯೆಯನ್ನು ತೆಗೆ, ಕೂಡಿಸು, ಮರಳಿ ಇಡು. ಇಂಟೆಲ್ ಕುಲದ ಆಜ್ಞೆಗಳು ಒಂದು ಬೈಟಿನಿಂದ ಹದಿನೈದು ಬೈಟುಗಳವರೆಗೆ ಬೇರೆ ಬೇರೆ ಉದ್ದದವು; 64 ಬಿಟ್ಟಿನ ಆರ್ಮ್ ಆಜ್ಞೆಗಳೆಲ್ಲ ಒಂದೇ ಅಳತೆಯವು, ನಾಲ್ಕು ನಾಲ್ಕು ಬೈಟು. ಇನ್ನು ಕೆಲವು ಸಂಸ್ಕಾರಕಗಳಲ್ಲಿ ಸಂಖ್ಯೆಯನ್ನು ಬರೆದಿಡುವ ಅನುಕ್ರಮವೇ ಬೇರೆ. ಶಿರಾ ಪಟ್ಟಣದಲ್ಲಿ ಒಂದೇ ಬೀದಿಯ ಎರಡು ಅಂಗಡಿಗಳಲ್ಲಿ ಇದರ ಸಾದೃಶ್ಯವನ್ನು ಕೇಳಬಹುದು. ಕನ್ನಡಿಗನು ‘ಇಪ್ಪತ್ತೈದು’ ಎಂದು ದೊಡ್ಡ ಭಾಗವನ್ನು ಮೊದಲು ಹೇಳುತ್ತಾನೆ. ದಖನಿ ಉರ್ದು ಆಡುವವನ ‘ಪಚ್ಚೀಸ್’ ಎಂಬುದರಲ್ಲಿ ಐದು ಮುಂದೆ, ಇಪ್ಪತ್ತು ಹಿಂದೆ. ಸಂಸ್ಕೃತದ ‘ಪಂಚವಿಂಶತಿ’ಯೂ ಹಾಗೆಯೇ. ಮೊತ್ತ ಒಂದೇ, ಅನುಕ್ರಮ ಬೇರೆ. ಹಳೆಯ ಆಪಲ್ ಗಣಕಗಳಲ್ಲಿದ್ದ ಮೊಟೊರೋಲಾ 68000 ಎಂಬ ಸಂಸ್ಕಾರಕವು ದೊಡ್ಡ ಭಾಗವನ್ನು ಮೊದಲಿಡುತ್ತಿತ್ತು. ಇಂಟೆಲ್ ಕುಲದ್ದು ಸಣ್ಣ ಭಾಗವನ್ನು ಮೊದಲಿಡುತ್ತದೆ. ಒಂದು ಇನ್ನೊಂದನ್ನು ಅನುಕರಿಸುವಾಗ ಪ್ರತಿಯೊಂದು ಸಂಖ್ಯೆಯನ್ನೂ ತಿರುವಿ ಇಡಬೇಕಾಗುವುದು. ಇಂಥ ಸೂಕ್ಷ್ಮಗಳಲ್ಲಿ ಒಂದನ್ನು ಮರೆತರೂ ಲೆಕ್ಕವೆಲ್ಲ ತಪ್ಪುತ್ತದೆ.

ಈ ವಿದ್ಯೆಯು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಯಾವುದೇ ಗಣನಯಂತ್ರದ ಕಾರ್ಯವನ್ನು ವಿವರಿಸಿ ಕೊಟ್ಟರೆ ಅದರಂತೆಯೇ ವರ್ತಿಸಬಲ್ಲ ಒಂದು ಸಾರ್ವತ್ರಿಕ ಯಂತ್ರವಿರಬಲ್ಲುದೆಂದು ಆಂಗ್ಲ ಗಣಿತಜ್ಞ ಅಲನ್ ಟ್ಯೂರಿಂಗ್ 1936ರಲ್ಲಿಯೇ ತೋರಿಸಿಕೊಟ್ಟಿದ್ದನು. ವ್ಯಾಪಾರದಲ್ಲಿ ಅದರ ಬೆಲೆಯನ್ನು ಕಂಡುಕೊಂಡದ್ದು ಐ.ಬಿ.ಎಂ. ಸಂಸ್ಥೆ. 1964ರಲ್ಲಿ ಅದು ಸಿಸ್ಟಮ್ 360 ಎಂಬ ಹೊಸ ಗಣಕಗಳ ಶ್ರೇಣಿಯನ್ನು ಪ್ರಕಟಿಸಿದಾಗ, ಹಳೆಯ 1401 ಯಂತ್ರಕ್ಕಾಗಿ ವರ್ಷಗಟ್ಟಲೆ ಕ್ರಮವಿಧಿಗಳನ್ನು ಬರೆಸಿಕೊಂಡಿದ್ದ ಗಿರಾಕಿಗಳು ಹೊಸದನ್ನು ಕೊಳ್ಳುವರೆ ಎಂಬ ಚಿಂತೆ ಎದುರಾಯಿತು. ಹೊಸ ಯಂತ್ರದೊಳಗೆ 1401ರಂತೆ ವರ್ತಿಸುವ ವ್ಯವಸ್ಥೆಯನ್ನು ಅಡಕಗೊಳಿಸಿ ಆ ಚಿಂತೆಯನ್ನು ಪರಿಹರಿಸಲಾಯಿತು. ಹಳೆಯ ಕ್ರಮವಿಧಿಗಳ ಒಡೆಯನಿಗೆ ಹೊಸ ಯಂತ್ರದ ಮಾರಾಟಗಾರನು ತೋರಿದ ಈ ಗೌರವವು ಉಚಿತ ಉಪಕಾರವಾಗಿರಲಿಲ್ಲ, ನಿಜ. ಆದರೂ ಅದು ಗೌರವವೇ ಆಗಿತ್ತು.

ಶಾಲೆಗಳ ಮಟ್ಟಿಗೆ ಇದಕ್ಕಿಂತ ಹೆಚ್ಚು ಸ್ವಾರಸ್ಯವುಳ್ಳ ಇತಿಹಾಸವೊಂದಿದೆ. 1984-85ರಲ್ಲಿ ಭಾರತ ಸರ್ಕಾರವು ‘ಕ್ಲಾಸ್’ ಎಂಬ ಹೆಸರಿನ ಗಣಕ ಸಾಕ್ಷರತಾ ಯೋಜನೆಯನ್ನು ದೇಶದ ಸುಮಾರು 250 ಶಾಲೆಗಳಲ್ಲಿ ಆರಂಭಿಸಿತು. ಅದಕ್ಕಾಗಿ ಆಯ್ದುಕೊಂಡ ಯಂತ್ರವೆಂದರೆ ಇಂಗ್ಲೆಂಡಿನ ಏಕಾರ್ನ್ ಸಂಸ್ಥೆಯ ಬಿ.ಬಿ.ಸಿ. ಮೈಕ್ರೋ. 6502 ಎಂಬ ಸಂಸ್ಕಾರಕ, ಸೆಕೆಂಡಿಗೆ ಇಪ್ಪತ್ತು ಲಕ್ಷ ಮಿಡಿತಗಳ ವೇಗ, 32 ಕಿಲೋಬೈಟುಗಳ ಸ್ಮೃತಿ. ಇಂದಿನ ಒಂದು ಸಾಮಾನ್ಯ ಛಾಯಾಚಿತ್ರವನ್ನು ಸಹ ಅದರಲ್ಲಿ ಇಡಲು ಸ್ಥಳವಿರಲಿಲ್ಲ. ಅದೇ ಕಾಲದಲ್ಲಿ ಏಕಾರ್ನ್ ಸಂಸ್ಥೆಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಎಂಬವರು ಹೊಸ ಸಂಸ್ಕಾರಕವೊಂದನ್ನು ರೂಪಿಸುತ್ತಿದ್ದರು. ಅದರ ಚಿಪ್ಪು ತಯಾರಾಗುವುದಕ್ಕೆ ಮೊದಲೇ ಅದು ಹೇಗೆ ನಡೆಯುವುದೆಂದು ಪರೀಕ್ಷಿಸಬೇಕಾಗಿತ್ತು. ವಿಲ್ಸನ್ ಅವರು ಆ ಇನ್ನೂ ಹುಟ್ಟದ ಸಂಸ್ಕಾರಕವನ್ನು ಅನುಕರಿಸುವ ಕ್ರಮವಿಧಿಯನ್ನು ಬೇಸಿಕ್ ಭಾಷೆಯಲ್ಲಿ ಬರೆದು, ಎರಡನೆಯ 6502 ಸಂಸ್ಕಾರಕವನ್ನು ಜೋಡಿಸಿದ ಒಂದು ಬಿ.ಬಿ.ಸಿ. ಮೈಕ್ರೋದ ಮೇಲೆ ನಡೆಸಿ ನೋಡಿದರು. 1985ರ ಏಪ್ರಿಲ್ 26ರಂದು ಚಿಪ್ಪು ಕೈಸೇರಿತು. ಮೊದಲ ಪ್ರಯತ್ನದಲ್ಲಿಯೇ ಕೆಲಸ ಮಾಡಿತು. ಅದೇ ಆರ್ಮ್. ಇಂದು ಜಗತ್ತಿನ ಬಹುತೇಕ ಮೊಬೈಲುಗಳ ಒಳಗಿರುವುದು ಅದರ ಸಂತತಿ. ಬಿ.ಬಿ.ಸಿ. ಮೈಕ್ರೋವನ್ನು ಅನುಕರಿಸುವ ತಂತ್ರಾಂಶಗಳೂ ಈಗ ಮುಕ್ತವಾಗಿ ದೊರೆಯುತ್ತವೆ. ಮೊಬೈಲಿನ ಬ್ರೌಸರಿನಲ್ಲಿಯೇ ಅವುಗಳನ್ನು ನಡೆಸಬಹುದು. ಯಾವ ಜಾತಿಯ ಯಂತ್ರವು ಒಮ್ಮೆ ಆರ್ಮನ್ನು ಅನುಕರಿಸಿತ್ತೋ ಆ ಯಂತ್ರವನ್ನೇ ಇಂದು ಆರ್ಮ್ ಅನುಕರಿಸುತ್ತಿದೆ.

ಅನುಕರಣವು ನಿಧಾನವೆಂಬ ದೂರು ಇದೆ. ದೂರು ಸುಳ್ಳಲ್ಲ. ಒಂದು ಆಜ್ಞೆಗೆ ಹಲವು ಆಜ್ಞೆಗಳು ತಗಲುವಲ್ಲಿ ವೇಗವು ಹಲವು ಪಾಲು ಕುಗ್ಗಲೇಬೇಕು. ಆದರೆ ಅನುಕರಿಸಬೇಕಾದದ್ದು ಹಳೆಯದಾದಷ್ಟೂ ಈ ದೂರಿನ ಬಲ ತಗ್ಗುತ್ತದೆ. ಇಪ್ಪತ್ತು ಲಕ್ಷ ಮಿಡಿತಗಳ ಹಳೆಯ ಯಂತ್ರವನ್ನು ಇನ್ನೂರು ಕೋಟಿ ಮಿಡಿತಗಳ ಹೊಸ ಯಂತ್ರವು ಅನುಕರಿಸುವಾಗ ಸಾವಿರ ಪಾಲು ಸಾಮರ್ಥ್ಯ ಕೈಯಲ್ಲಿರುತ್ತದೆ. ವಾಸ್ತವದಲ್ಲಿ ಹಳೆಯ ಆಟಗಳನ್ನೂ ಪಾಠಗಳನ್ನೂ ಮೂಲದ ವೇಗಕ್ಕೆ ಸರಿಹೊಂದಿಸಲು ಅನುಕರಣ ತಂತ್ರಾಂಶವು ಬೇಕೆಂದೇ ಕಾದು ನಿಲ್ಲಬೇಕಾಗುತ್ತದೆ. ಡಾಸ್ ಕಾಲದ ಕ್ರಮವಿಧಿಗಳನ್ನು ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವು 2002ರಿಂದಲೂ ಸಮರ್ಪಕವಾಗಿ ನಡೆಸುತ್ತ ಬಂದಿದೆ. ತೊಡಕಿರುವುದು ಇತ್ತೀಚಿನ, ಭಾರವಾದ ತಂತ್ರಾಂಶಗಳಲ್ಲಿ. ನಿನ್ನೆಯದನ್ನು ಅನುಕರಿಸುವುದಕ್ಕಿಂತ ಮೂವತ್ತು ವರ್ಷಗಳ ಹಿಂದಿನದನ್ನು ಅನುಕರಿಸುವುದು ಸುಲಭವೆಂಬ ಈ ವಿಚಿತ್ರವನ್ನು ಖರೀದಿಯ ಸಮಿತಿಗಳು ಗಮನದಲ್ಲಿಡಬೇಕು.

ಕನ್ನಡದ ಕಡತಗಳ ವಿಷಯಕ್ಕೆ ಬಂದರೆ ಸಮಸ್ಯೆಯು ಒಂದು ಪದರವಲ್ಲ, ಎರಡು. ಕನ್ನಡ ಲಿಪಿಗೆ ಯೂನಿಕೋಡ್ ಸಂಕೇತದಲ್ಲಿ 1991ರಲ್ಲಿಯೇ ಸ್ಥಾನ ದೊರೆಯಿತಾದರೂ ಅದು ಬಳಕೆಯಲ್ಲಿ ನೆಲೆಯೂರಲು ಬಹಳ ಕಾಲ ಹಿಡಿಯಿತು. ಆ ಮಧ್ಯಂತರದಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ ಮೊದಲಾದ ತಂತ್ರಾಂಶಗಳೇ ಕನ್ನಡವನ್ನು ಗಣಕಕ್ಕೆ ತಂದವು. ಆ ಉಪಕಾರ ದೊಡ್ಡದು. ಆದರೆ ಅಂದಿನ ವಿಧಾನವೆಂದರೆ ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸುವುದಾಗಿತ್ತು. ತಲೆಕಟ್ಟು, ಗುಡಿಸು, ಕೊಂಬು, ಒತ್ತು ಎಲ್ಲವೂ ಒಂದೊಂದು ತುಣುಕು. ಆ ಅಕ್ಷರರೂಪವಿಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಕಾಣುವುದು ಕನ್ನಡವಲ್ಲ, ರೋಮನ್ ಅಕ್ಷರಗಳ ಗೋಜಲು. ನಂತರದ ಆವೃತ್ತಿಗಳು ಯೂನಿಕೋಡನ್ನು ಅಳವಡಿಸಿಕೊಂಡವಾದರೂ ಅದಕ್ಕೆ ಹಿಂದೆ ಬರೆದಿಟ್ಟದ್ದು ಹಾಗೆಯೇ ಉಳಿಯಿತು.

ಹಳೆಯ ಸಂಕೇತದಿಂದ ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಇವೆ, ಉಪಯುಕ್ತವೂ ಹೌದು. ಆದರೆ ಅವು ಎಡವುವ ಸ್ಥಳಗಳನ್ನು ಬಲ್ಲವರೇ ಬಲ್ಲರು. ‘ಧರ್ಮ’ ಎಂಬ ಪದವನ್ನು ತೆಗೆದುಕೊಳ್ಳಬಹುದು. ಹಳೆಯ ವಿಧಾನದಲ್ಲಿ ಕಣ್ಣಿಗೆ ಕಂಡಂತೆ ಮೊದಲು ಧ, ಆಮೇಲೆ ಮ, ಕೊನೆಗೆ ಅರ್ಕಾವತ್ತು ಎಂದು ಬರೆದಿಡಲಾಗುತ್ತಿತ್ತು. ಯೂನಿಕೋಡು ಉಚ್ಚಾರದ ಅನುಕ್ರಮವನ್ನು ಹಿಡಿಯುತ್ತದೆ: ಧ, ಅನಂತರ ರಕಾರ, ಅದಕ್ಕೆ ಹಲಂತ, ಅನಂತರ ಮ. ಪರಿವರ್ತಕವು ಅರ್ಕಾವತ್ತನ್ನು ಹಿಂದಕ್ಕೆ ಒಯ್ದು ಸರಿಯಾದ ವ್ಯಂಜನದ ಮುಂದೆ ನಿಲ್ಲಿಸಬೇಕು. ಮೂರು ವ್ಯಂಜನಗಳ ಸಂಯುಕ್ತಾಕ್ಷರ ಬಂದಾಗ, ದೀರ್ಘದ ಗುರುತು ಬೇರೆ ತುಣುಕಾಗಿ ನಿಂತಾಗ, ಬೆರಳಚ್ಚು ಮಾಡಿದವನು ಕಣ್ಣಂದಾಜಿನಿಂದ ಒಂದು ತುಣುಕಿನ ಬದಲು ಮತ್ತೊಂದನ್ನು ಒತ್ತಿದ್ದಾಗ, ಪರಿವರ್ತಕವು ತಪ್ಪುತ್ತದೆ. ವಾರ್ಷಿಕ ವರದಿಯಲ್ಲಿ ಇಂಥ ತಪ್ಪು ಅಷ್ಟೇನೂ ಹಾನಿಯಲ್ಲ. ವಿದ್ಯಾರ್ಥಿಯ ಹೆಸರಿನಲ್ಲಿ, ತಂದೆಯ ಹೆಸರಿನಲ್ಲಿ, ಊರಿನ ಹೆಸರಿನಲ್ಲಿ ಒಂದು ಒತ್ತು ಜಾರಿದರೆ ನಾಳೆ ವರ್ಗಾವಣೆ ಪತ್ರದ ನಕಲು ಕೇಳಿಕೊಂಡು ಬಂದವನು ಕಚೇರಿಯಿಂದ ಕಚೇರಿಗೆ ಅಲೆಯಬೇಕಾದೀತು.

ಯಂತ್ರಾನುಕರಣದ ನಿಜವಾದ ಪ್ರಯೋಜನವು ಇಲ್ಲಿದೆ. ಪರಿವರ್ತನೆ ಬೇಡವೆಂದಾಗಲಿ, ಹಳೆಯ ತಂತ್ರಾಂಶದಲ್ಲಿಯೇ ಶಾಶ್ವತವಾಗಿ ಕೆಲಸ ಮಾಡಬೇಕೆಂದಾಗಲಿ ವಾದಿಸುವುದು ಅವಿವೇಕ. ಮುಂದಿನ ಬಳಕೆಗೆ ಯೂನಿಕೋಡೇ ಸರಿ. ಆದರೆ ಪರಿವರ್ತನೆಗೊಂಡ ಪಾಠವು ಮೂಲಕ್ಕೆ ಸರಿಯಾಗಿದೆಯೆ ಎಂದು ಒಪ್ಪಿಟ್ಟು ನೋಡಬೇಕಾದರೆ ಮೂಲವು ತನ್ನ ಮೂಲರೂಪದಲ್ಲಿಯೇ ಕಾಣಬೇಕಲ್ಲವೆ? ಹಳೆಯ ಗಣಕದ ಬಿಲ್ಲೆಯ ಪೂರ್ಣ ಪ್ರತಿಯನ್ನು, ಅದರ ಕಾರ್ಯವ್ಯವಸ್ಥೆ, ತಂತ್ರಾಂಶ, ಅಕ್ಷರರೂಪಗಳ ಸಹಿತವಾಗಿ ಒಂದು ಕಡತವಾಗಿ ತೆಗೆದಿಟ್ಟು, ಅದನ್ನು ಹೊಸ ಯಂತ್ರದೊಳಗಿನ ಅನುಕೃತ ಯಂತ್ರದಲ್ಲಿ ಎಬ್ಬಿಸಿದರೆ, 2003ರಲ್ಲಿ ಬೆರಳಚ್ಚುಗಾರನ ಕಣ್ಣಿಗೆ ಪುಟವು ಹೇಗೆ ಕಂಡಿತ್ತೋ ಹಾಗೆಯೇ ಇಂದಿನ ಕರಡು ತಿದ್ದುವವನ ಕಣ್ಣಿಗೂ ಕಾಣುತ್ತದೆ. ಒಂದು ಕಿಟಕಿಯಲ್ಲಿ ಮೂಲ, ಪಕ್ಕದ ಕಿಟಕಿಯಲ್ಲಿ ಪರಿವರ್ತಿತ ಪಾಠ. ಸಂಶೋಧಕನು ಮುದ್ರಿತ ಪಾಠವನ್ನು ಓಲೆಪ್ರತಿಯೊಡನೆ ತಾಳೆನೋಡುವಂತೆ ತಾಳೆನೋಡಬಹುದು.

ಇದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಾಗದದ ಪ್ರತಿ ಇದ್ದೇ ಇದೆ, ಅದರ ಚಿತ್ರ ತೆಗೆದರೆ ಸಾಲದೆ ಎಂದು ಕೇಳುವವರುಂಟು. ಅಚ್ಚಾದವುಗಳ ಮಟ್ಟಿಗೆ ಆ ಮಾತು ಒಪ್ಪತಕ್ಕದ್ದೇ. ಅದು ಅಗ್ಗವೂ ಹೌದು. ಆದರೆ ಅಚ್ಚಾಗದೆ ಯಂತ್ರದಲ್ಲಿಯೇ ಉಳಿದದ್ದು ಪ್ರತಿಯೊಂದು ಶಾಲೆಯಲ್ಲಿಯೂ ಇದ್ದೇ ಇರುತ್ತದೆ. ಪಾಠ ಮಾಡಲು ಅಧ್ಯಾಪಕರಿಗೇ ಬಿಡುವಿಲ್ಲದಿರುವಾಗ ಇದನ್ನು ಯಾರು ಮಾಡುವರೆಂಬುದು ಇನ್ನೊಂದು ಆಕ್ಷೇಪಣೆ. ಈ ಎರಡನೆಯದೇ ಹೆಚ್ಚು ಗಟ್ಟಿಯಾದುದು. ಯಂತ್ರಕ್ಕೆ ಹಣ ಕೊಡುವವರು ಸಿಕ್ಕುತ್ತಾರೆ, ಫಲಕದಲ್ಲಿ ಹೆಸರೂ ಬರುತ್ತದೆ. ಯಂತ್ರವನ್ನು ನೋಡಿಕೊಳ್ಳುವವನ ಒಂದು ವರ್ಷದ ಸಂಬಳಕ್ಕೆ ಹಣ ಕೊಡುವವರು ವಿರಳ. ದಾನದ ಕ್ರಮದಲ್ಲಿಯೇ ಇರುವ ಈ ಕೊರತೆಯನ್ನು ಯಾವ ತಂತ್ರಾಂಶವೂ ನೀಗಿಸಲಾರದು.

ವಿದ್ಯೆಗೆ ಮಿತಿಗಳೂ ಉಂಟು. ಅನುಕರಣವು ಸಂಸ್ಕಾರಕದ ಭಾಷೆಯನ್ನು ಅನುವಾದಿಸುತ್ತದೆಯೇ ಹೊರತು ಮೇಜಿನ ಮೇಲಿನ ಹಳೆಯ ಮುದ್ರಕವನ್ನು ಅದು ತಾನಾಗಿ ಹೊಸ ಯಂತ್ರಕ್ಕೆ ಪರಿಚಯಿಸಿಕೊಡದು. ಆರ್ಮ್ ಯಂತ್ರದ ಮೇಲಿನ ವಿಂಡೋಸು ಇಂಟೆಲ್ ಕುಲದ ಸಾಮಾನ್ಯ ತಂತ್ರಾಂಶಗಳನ್ನು ಅನುಕರಿಸಿ ನಡೆಸುವುದಾದರೂ, ಮುದ್ರಕ ಮೊದಲಾದ ಉಪಕರಣಗಳನ್ನು ನಿಯಂತ್ರಿಸುವ ಡ್ರೈವರುಗಳು ಆರ್ಮ್ ಕುಲಕ್ಕಾಗಿಯೇ ಸಿದ್ಧವಾಗಿರಬೇಕು. ಅಚ್ಚುಕೂಟಗಳಲ್ಲಿ ಬಳಸಿದ ಕೆಲವು ಬೆಲೆಬಾಳುವ ತಂತ್ರಾಂಶಗಳು ಯಂತ್ರದ ಬೆನ್ನಿಗೆ ಸಿಕ್ಕಿಸುವ ಡಾಂಗಲ್ ಎಂಬ ಬೀಗವಿಲ್ಲದೆ ತೆರೆಯುವುದಿಲ್ಲ. ಆ ಬೀಗವನ್ನು ಅನುಕೃತ ಯಂತ್ರಕ್ಕೆ ಕಾಣಿಸುವುದು ಕಷ್ಟಸಾಧ್ಯ. ಹಳೆಯ ಕಾರ್ಯವ್ಯವಸ್ಥೆಯ ಪರವಾನಗಿಯು ಹಳೆಯ ಯಂತ್ರದೊಡನೆ ಮುಗಿಯುವುದೋ ಮುಂದುವರಿಯುವುದೋ ಎಂಬುದನ್ನು ಅದರ ಷರತ್ತುಗಳನ್ನು ಓದಿಯೇ ತಿಳಿಯಬೇಕು. ಬೆಂಬಲ ನಿಂತುಹೋದ ಕಾರ್ಯವ್ಯವಸ್ಥೆಯನ್ನು ಅನುಕೃತ ಯಂತ್ರದಲ್ಲಿ ನಡೆಸುವಾಗ ಅದಕ್ಕೆ ಅಂತರಜಾಲದ ಸಂಪರ್ಕ ಕೊಡದಿರುವುದು ಕ್ಷೇಮ.

ಇಷ್ಟೆಲ್ಲ ಹಿಂದಿನದನ್ನು ಕಾಪಾಡುವ ಮಾತಾಯಿತು. ಅದಷ್ಟೇ ಆಗಿದ್ದರೆ ಈ ವಿದ್ಯೆಯನ್ನು ಕಚೇರಿಯ ಗುಮಾಸ್ತೆಗೆ ಬಿಟ್ಟುಬಿಡಬಹುದಾಗಿತ್ತು. ತರಗತಿಗೆ ಇದು ಬೇಕಾಗಿರುವುದು ಬೇರೊಂದು ಕಾರಣಕ್ಕಾಗಿ. ಕೈಗೆ ಸಿಗದ ಯಂತ್ರವನ್ನು ಕೈಯಲ್ಲಿರುವ ಯಂತ್ರದೊಳಗೆ ಕಟ್ಟಿಕೊಂಡು ಕಲಿಯಲು ಇದರಿಂದ ಸಾಧ್ಯ. 1975ರಲ್ಲಿ ಅಮೆರಿಕದಲ್ಲಿ ಬಿಲ್ ಗೇಟ್ಸ್ ಮತ್ತು ಪಾಲ್ ಆಲೆನ್ ಎಂಬ ಇಬ್ಬರು ತರುಣರು ಆಲ್ಟೇರ್ ಎಂಬ ಹೊಸ ಕಿರುಗಣಕಕ್ಕೆ ಬೇಸಿಕ್ ಭಾಷೆಯ ತಂತ್ರಾಂಶವನ್ನು ಬರೆಯಹೊರಟಾಗ ಅವರ ಬಳಿ ಆ ಗಣಕವಿರಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಪಿ.ಡಿ.ಪಿ.-10 ಎಂಬ ದೊಡ್ಡ ಯಂತ್ರದ ಮೇಲೆ ಆಲೆನ್ ಅವರು ಇಂಟೆಲ್ 8080 ಸಂಸ್ಕಾರಕದ ಅನುಕರಣವನ್ನು ಸಿದ್ಧಪಡಿಸಿದರು. ತಂತ್ರಾಂಶವು ಅದರ ಮೇಲೆಯೇ ಪರೀಕ್ಷೆಗೊಂಡು, ಕೊನೆಗೆ ನಿಜವಾದ ಆಲ್ಟೇರಿನಲ್ಲಿಯೂ ನಡೆಯಿತು. ಮೈಕ್ರೋಸಾಫ್ಟ್ ಸಂಸ್ಥೆಯ ಆರಂಭವು ಇದೇ. ಆ ಇಬ್ಬರಿಗೂ ದೊಡ್ಡ ವಿಶ್ವವಿದ್ಯಾಲಯದ ಯಂತ್ರವು ದೊರೆತಿತ್ತೆಂಬುದನ್ನು ಮರೆಯಬಾರದು, ದಿಟ. ಆದರೆ ಅಂದಿನ ಪಿ.ಡಿ.ಪಿ.-10ಕ್ಕಿಂತ ಎಷ್ಟೋ ಪಾಲು ಸಮರ್ಥವಾದ ಯಂತ್ರವು ಇಂದು ಕೊರಟಗೆರೆಯ ಯಾವುದೇ ಶಾಲೆಯ ‘ನಿರುಪಯುಕ್ತ’ ಪಟ್ಟಿಯಲ್ಲಿಯೇ ಸಿಕ್ಕೀತು.

ಮದರಾಸಿನ ಐ.ಐ.ಟಿ.ಯಲ್ಲಿ ‘ಶಕ್ತಿ’ ಎಂಬ ಹೆಸರಿನ ಸಂಸ್ಕಾರಕಗಳನ್ನು ರೂಪಿಸಲಾಗಿದೆ. ಅವುಗಳ ಮೊದಲ ಚಿಪ್ಪು 2018ರಲ್ಲಿ ಹೊರಬಂದಿತು. ಸಿ-ಡ್ಯಾಕ್ ಸಂಸ್ಥೆಯ ‘ವೇಗ’ ಎಂಬವೂ ಇವೆ. ಇವೆರಡೂ ರಿಸ್ಕ್-ಫೈವ್ ಎಂಬ ಮೂರನೆಯ ಕುಲದವು. ಈ ಕುಲದ ಯಂತ್ರಭಾಷೆಯು 2010ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕಲಿಯಲ್ಲಿ ಹುಟ್ಟಿದ್ದು. ಯಾವ ಒಂದು ಸಂಸ್ಥೆಗೂ ಪರವಾನಗಿಯ ಶುಲ್ಕ ತೆರದೆ ಯಾರು ಬೇಕಾದರೂ ಬಳಸಬಹುದಾದದ್ದು. 2018ರ ಮಾರ್ಚ್ 1ರಂದು ಪಾವಗಡ ತಾಲ್ಲೂಕಿನ ತಿರುಮಣಿಯ ಬಳಿ ಉದ್ಘಾಟನೆಗೊಂಡ, ಸುಮಾರು 13,000 ಎಕರೆಗಳಲ್ಲಿ 2050 ಮೆಗಾವಾಟು ಸಾಮರ್ಥ್ಯಕ್ಕೆ ಬೆಳೆದ ಸೌರವಿದ್ಯುತ್ ಸ್ಥಾವರಕ್ಕೂ ‘ಶಕ್ತಿಸ್ಥಳ’ವೆಂಬ ಹೆಸರೇ ಬಿದ್ದಿರುವುದು ಕೇವಲ ಆಕಸ್ಮಿಕ. ಸಂಸ್ಕಾರಕದ ‘ಶಕ್ತಿ’ಯಾದರೋ ಆ ತಾಲ್ಲೂಕಿನ ಹುಡುಗನ ಕೈಗೆ ಚಿಪ್ಪಾಗಿ ಬರಲು ಕಾಲ ಹಿಡಿಯಬಹುದು. ಕ್ಯೂಇಎಂಯುವಿನೊಳಗೆ ರಿಸ್ಕ್-ಫೈವ್ ಯಂತ್ರವೊಂದನ್ನು ಎಬ್ಬಿಸಿ ಅದಕ್ಕೆ ಎರಡು ಸಂಖ್ಯೆಗಳನ್ನು ಕೂಡಿಸುವ ಆಜ್ಞೆಗಳನ್ನು ಬರೆಯಲು ಮಾತ್ರ ಅವನು ಕಾಯಬೇಕಾಗಿಲ್ಲ. ತಂತ್ರಾಂಶಕ್ಕೆ ಬೆಲೆಯಿಲ್ಲ. ಒಂದೇ ಲೆಕ್ಕವನ್ನು ಇಂಟೆಲ್ ಭಾಷೆಯಲ್ಲಿ, ಆರ್ಮ್ ಭಾಷೆಯಲ್ಲಿ, ರಿಸ್ಕ್-ಫೈವ್ ಭಾಷೆಯಲ್ಲಿ ಬರೆದು ಹೋಲಿಸಿ ನೋಡಿದ ವಿದ್ಯಾರ್ಥಿಗೆ ಗಣಕವೆಂದರೇನೆಂಬುದು ಪರದೆಯ ಮೇಲಿನ ಚಿತ್ರಗಳನ್ನು ಒತ್ತುತ್ತ ಕುಳಿತ ವಿದ್ಯಾರ್ಥಿಗಿಂತ ಹೆಚ್ಚು ಸ್ಪಷ್ಟವಾಗುವುದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಮೂರು ಭಾಷೆಗಳ ನಡುವೆ ಬೆಳೆದ ಮಗುವಿಗೆ ಈ ಪಾಠವು ಕಠಿನವೆನಿಸಲಾರದು.

ದಾನಿಗಳಲ್ಲಿಯೂ ಆಡಳಿತವರ್ಗದವರಲ್ಲಿಯೂ ಅರಿಕೆ ಮಾಡಿಕೊಳ್ಳಬೇಕಾದದ್ದು ಹೆಚ್ಚೇನಿಲ್ಲ. ಯಂತ್ರಗಳ ಖರೀದಿಗೆಂದು ಮುಡಿಪಾದ ಹಣದಲ್ಲಿ ಒಂದು ಭಾಗವನ್ನು, ಇಪ್ಪತ್ತರಲ್ಲಿ ಎರಡು ಯಂತ್ರಗಳ ಬೆಲೆಯಷ್ಟನ್ನಾದರೂ, ಹಳೆಯ ಬಿಲ್ಲೆಗಳ ಪ್ರತಿ ತೆಗೆಯುವ ಮತ್ತು ಅನುಕರಣವನ್ನು ಕಲಿಸುವ ಕೆಲಸಕ್ಕೆ ಮೀಸಲಿಡಬೇಕು. ಬೆಂಗಳೂರಿನ ತಂತ್ರಾಂಶ ಸಂಸ್ಥೆಗಳಲ್ಲಿ ಇದೇ ವಿದ್ಯೆಯಿಂದ ಜೀವನ ನಡೆಸುತ್ತಿರುವ ಹಳೆಯ ವಿದ್ಯಾರ್ಥಿಗಳಿದ್ದಾರೆ. ಮೊಬೈಲಿನ ತಂತ್ರಾಂಶ ಬರೆಯುವವರು ಮೇಜುಗಣಕದೊಳಗೆ ಅನುಕೃತ ಮೊಬೈಲನ್ನು ನಡೆಸಿ ಪರೀಕ್ಷಿಸುವುದು ಅವರ ನಿತ್ಯಕರ್ಮ. ಚೆಕ್ಕು ಕಳುಹಿಸುವುದರ ಜೊತೆಗೆ ಅವರು ಬೇಸಗೆಯಲ್ಲಿ ನಾಲ್ಕು ದಿನ ಶಾಲೆಗೆ ಬಂದು ಇಬ್ಬರು ಉಪಾಧ್ಯಾಯರಿಗೂ ಹತ್ತು ಮಂದಿ ಮಕ್ಕಳಿಗೂ ಕೈಹಿಡಿದು ತೋರಿಸಿದರೆ ಆ ನಾಲ್ಕು ದಿನಗಳು ಚೆಕ್ಕಿನ ಮೊತ್ತಕ್ಕಿಂತ ಬೆಲೆಬಾಳುತ್ತವೆ.

ಗುಜರಿಯ ವಿಷಯದಲ್ಲಿ ಕಾನೂನೂ ಇದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಉದ್ದೇಶವೇ ಹಳೆಯ ಗಣಕಗಳು ನೋಂದಾಯಿತ ಸಂಸ್ಕರಣಕಾರರ ಕೈಸೇರಬೇಕೆಂಬುದು. ಬೀದಿಯ ತಕ್ಕಡಿಗೆ ಹಾಕುವ ರೂಢಿ ಅದಕ್ಕೆ ಹೊಂದುವುದಿಲ್ಲ. ಯಂತ್ರವನ್ನು ಒಪ್ಪಿಸುವ ಮೊದಲು ಅದರ ಬಿಲ್ಲೆಯನ್ನು ಬಿಚ್ಚಿ, ಪೂರ್ಣ ಪ್ರತಿಯನ್ನು ಎರಡು ಬೇರೆ ಬೇರೆ ಕಡೆ ಇಟ್ಟು, ಆ ಪ್ರತಿಯು ಅನುಕೃತ ಯಂತ್ರದಲ್ಲಿ ಏಳುತ್ತದೆಯೆ ಎಂದು ಒಮ್ಮೆ ಪರೀಕ್ಷಿಸಿ, ಮಕ್ಕಳ ಹೆಸರು ವಿಳಾಸಗಳಿರುವ ಮೂಲ ಬಿಲ್ಲೆಯನ್ನು ಪೂರ್ತಿ ಅಳಿಸಿ ಕೊಡಬೇಕು. ಯಾವ ವರ್ಷದ್ದು, ಯಾವ ಕಾರ್ಯವ್ಯವಸ್ಥೆ, ಯಾವ ಕನ್ನಡ ತಂತ್ರಾಂಶ, ಪ್ರವೇಶಪದವೇನು ಎಂಬ ನಾಲ್ಕು ಸಾಲುಗಳನ್ನು ಒಂದು ಕಾಗದದಲ್ಲಿ ಬರೆದು ಪ್ರತಿಯ ಜೊತೆಗಿರಿಸುವುದು ಮರೆಯಬಾರದ ಕೆಲಸ. ಪ್ರವೇಶಪದ ಬಲ್ಲ ಗುಮಾಸ್ತರು ನಿವೃತ್ತರಾಗಿ ಊರು ಸೇರಿದ ಮೇಲೆ ಅವರನ್ನು ಹುಡುಕಿಸುವುದು ಯಂತ್ರವನ್ನು ಅನುಕರಿಸುವುದಕ್ಕಿಂತ ಕಷ್ಟ. ಐದೂಕಾಲು ಅಂಗುಲದ ಮತ್ತು ಮೂರೂವರೆ ಅಂಗುಲದ ಹಳೆಯ ಫ್ಲಾಪಿಗಳು ಬೀರುವಿನ ಮೂಲೆಯಲ್ಲಿ ಉಳಿದಿದ್ದರೆ ಅವುಗಳ ಸರದಿ ಮೊದಲು ಬರಬೇಕು. ಅವುಗಳ ಮೇಲಿನ ಕಾಂತಲೇಪ ವರ್ಷ ಕಳೆದಂತೆ ಕೆಡುತ್ತದೆ, ಓದುವ ಡ್ರೈವುಗಳೂ ದುರ್ಲಭವಾಗುತ್ತಿವೆ. ಅಂಥ ಡ್ರೈವೊಂದು ಯಾವ ಹಳೆಯ ವಿದ್ಯಾರ್ಥಿಯ ಮನೆಯ ಅಟ್ಟದ ಮೇಲಾದರೂ ಇದ್ದರೆ, ಬರುವ ಬೇಸಗೆಯ ರಜೆಗೆ ಮೊದಲು ಅದನ್ನು ಶಾಲೆಯ ಕಚೇರಿಗೆ ತಲುಪಿಸಬಹುದು.